ಹಸುಗೂಸಿನ ಮಲಬದ್ಧತೆ: ಗುರುತಿಸುವುದು, ಪರಿಹರಿಸುವುದು

ರೈತ ಬಾಂಧವರೇ, ತಾಯಂದಿರೇ,

ಸಗಣಿ ನೋಡಿಯೇ ದನದ ಆರೋಗ್ಯ ಹೇಳಬಲ್ಲವರು ನೀವು. ಆದರೆ ಮನೆಯ ಕೂಸಿನ ವಿಷಯ ಬಂದಾಗ ಹೊರಕಡೆಗೆ ಹೋಗಿ ಎಷ್ಟು ದಿನವಾಯಿತೆಂದು ಎಣಿಸುತ್ತೇವೆಯೇ ಹೊರತು ಮಲ ಗಟ್ಟಿಯೋ ಮೆತ್ತಗೋ ಎಂದು ನೋಡುವುದಿಲ್ಲ. ಎರಡು ದಿನ ತಪ್ಪಿದರೆ ಹರಳೆಣ್ಣೆ ಕುಡಿಸುವ ರೂಢಿ ಹಲವು ಮನೆಗಳಲ್ಲಿ ಇನ್ನೂ ಉಂಟು. ಇದು ಅನಾವಶ್ಯಕ ಮಾತ್ರವಲ್ಲ, ಅಪಾಯಕರವೂ ಹೌದು.

ಗುರುತಿಸುವುದು ಹೇಗೆ?

ತಾಯಿಯ ಹಾಲನ್ನೇ ಕುಡಿಯುವ ಕೂಸು ಮೊದಲ ವಾರಗಳಲ್ಲಿ ದಿನಕ್ಕೆ ಹಲವು ಸಲ ಮಲ ವಿಸರ್ಜಿಸುತ್ತದೆ. ಒಂದೂವರೆ ತಿಂಗಳು ಕಳೆದ ಮೇಲೆ ಕೆಲವು ಕೂಸುಗಳು ನಾಲ್ಕೈದು ದಿನ, ಒಮ್ಮೊಮ್ಮೆ ಒಂದು ವಾರ ಹೋಗದೆಯೂ ಇರುತ್ತವೆ. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದ್ದು, ತೂಕ ಏರುತ್ತಿದ್ದು, ಹೋದಾಗ ಮಲ ಮೆತ್ತಗಿದ್ದರೆ ಅದು ಮಲಬದ್ಧತೆಯಲ್ಲ. ಮುಖ ಕೆಂಪಗೆ ಮಾಡಿಕೊಂಡು ಹತ್ತು ನಿಮಿಷ ತಿಣುಕಿ, ಅತ್ತು, ಬಳಿಕ ಮೆತ್ತಗೆ ಹೋದರೂ ಚಿಂತೆಯಿಲ್ಲ.

ಮಲವು ಆಡಿನ ಹಿಕ್ಕೆಯಂತೆ ಒಣಗಿ ಗಟ್ಟಿಯಾಗಿದ್ದು, ಹೋಗುವಾಗ ಕೂಸು ನೋವಿನಿಂದ ಚೀರಿದರೆ ಅದೇ ಮಲಬದ್ಧತೆ.

ಕಾರಣ ಮತ್ತು ಪರಿಹಾರ

ಬರೀ ಎದೆಹಾಲು ಕುಡಿಯುವ ಕೂಸಿಗೆ ಈ ತೊಂದರೆ ಅಪರೂಪ. ಮೇಲು ಹಾಲಿಗೆ ಹಾಕಿದಾಗ ಅಥವಾ ಅನ್ನ, ಗಂಜಿ ಶುರು ಮಾಡಿದಾಗ ಇದು ಹೆಚ್ಚು. ಆದ್ದರಿಂದ 6 ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಕೊಡಿ. ಬೇಸಿಗೆಯಲ್ಲೂ ಬೇರೆ ನೀರು ಬೇಡ. ಅನಿವಾರ್ಯವಾಗಿ ಡಬ್ಬಿಯ ಹಾಲಿನ ಪುಡಿ ಕೊಡುವುದಾದರೆ ಮೊದಲು ನೀರು ಅಳೆದು, ಆಮೇಲೆ ಡಬ್ಬಿಯ ಮೇಲೆ ಹೇಳಿದಷ್ಟೇ ಪುಡಿ ಹಾಕಿ. ಗಟ್ಟಿ ಮಾಡಿದರೆ ಪುಷ್ಟಿ ಹೆಚ್ಚದು, ಮಲ ಗಟ್ಟಿಯಾದೀತು. ಒಂದು ವರ್ಷದವರೆಗೆ ಹಸುವಿನ ಅಥವಾ ಎಮ್ಮೆಯ ಹಾಲು ಕೂಸಿನ ಮುಖ್ಯ ಆಹಾರವಾಗಬಾರದು.

6 ತಿಂಗಳ ನಂತರ ರಾಗಿ ಸರಿ, ಅನ್ನಗಳ ಜೊತೆಗೆ ಬೇಯಿಸಿ ಮಸೆದ ಬೇಳೆ, ಸೊಪ್ಪು, ತರಕಾರಿ ಸೇರಿಸಿ. ಕಳಿತ ಪರಂಗಿ ಹಣ್ಣನ್ನು ಕಿವುಚಿ ತಿನ್ನಿಸಿ. ಊಟದ ಜೊತೆ ಕುದಿಸಿ ಆರಿಸಿದ ನೀರನ್ನು ಸ್ವಲ್ಪ ಸ್ವಲ್ಪ ಕುಡಿಸಿ.

ಬಿಸಿನೀರಿನ ಸ್ನಾನದ ನಂತರ ಹೊಕ್ಕುಳಿನ ಸುತ್ತ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮೃದುವಾಗಿ ನೀವಿ. ಸೈಕಲ್ ತುಳಿದಂತೆ ಕಾಲುಗಳನ್ನು ಆಡಿಸಿ.

ಇವನ್ನು ಮಾಡಬೇಡಿ

ಹರಳೆಣ್ಣೆ ಕುಡಿಸಿದರೆ ಭೇದಿಯಾಗಿ ಮೈಯ ನೀರು ಹೋಗುತ್ತದೆ. ಒತ್ತಾಯದಿಂದ ಬಾಯಿಗೆ ಹೊಯ್ದ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಗುದದ್ವಾರಕ್ಕೆ ಸಾಬೂನಿನ ಚೂರು, ವೀಳ್ಯದೆಲೆಯ ತೊಟ್ಟು ಇಡುವುದರಿಂದ ಉರಿ, ಗಾಯ ಆಗುತ್ತದೆ. ವರ್ಷ ತುಂಬುವ ಮೊದಲು ಜೇನುತುಪ್ಪ ನೆಕ್ಕಿಸಬಾರದು. ಅದರಲ್ಲಿರಬಹುದಾದ ಒಂದು ರೋಗಾಣುವಿನಿಂದ ಕೂಸಿನ ಸ್ನಾಯುಗಳು ಬಲಗುಂದುತ್ತವೆ. ಆ ರೋಗದ ಮೊದಲ ಚಿಹ್ನೆಯೇ ಅನೇಕ ಸಲ ಮಲಬದ್ಧತೆ!

ವೈದ್ಯರಲ್ಲಿಗೆ ಯಾವಾಗ?

ಹುಟ್ಟಿದ ಕೂಸು ಕಪ್ಪನೆಯ ಅಂಟು ಮಲವನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ವಿಸರ್ಜಿಸುತ್ತದೆ. 48 ಗಂಟೆಯಾದರೂ ಹೋಗದಿದ್ದರೆ ಕರುಳಿನಲ್ಲಿ ತಡೆ ಇರಬಹುದು. ಹೊಟ್ಟೆ ಉಬ್ಬರ, ಹಸಿರು ವಾಂತಿ, ಮಲದಲ್ಲಿ ರಕ್ತ, ಹಾಲು ಒಲ್ಲದಿರುವುದು, ಮಂಕು ಕವಿದಂತಿರುವುದು, ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಮೊದಲ ತಿಂಗಳಿನಿಂದಲೇ ಮಲಬದ್ಧತೆ ಇದ್ದರೆ, ತೂಕ ಏರದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಪ್ಪದೆ ತೋರಿಸಿ.

ದಿನ ಎಣಿಸುವುದನ್ನು ಬಿಟ್ಟು ಮಲದ ಗುಣವನ್ನೂ ಕೂಸಿನ ಲವಲವಿಕೆಯನ್ನೂ ಗಮನಿಸಿ. ಈ ಮಾತನ್ನು ಮನೆಯ ಹಿರಿಯರಿಗೂ ತಿಳಿಸಿ ಹೇಳಿ.