ಧನ್ಯ ದಡ್ಡನಾದ ಕಥೆ

ಮನುಷ್ಯರಿಗೆ ಏಳುಬೀಳುಗಳಿರುವಂತೆ ಮಾತುಗಳಿಗೂ ಏಳುಬೀಳುಗಳುಂಟು. ಒಂದು ಕಾಲದಲ್ಲಿ ದೇವರ ಮನೆಯಲ್ಲಿದ್ದ ಶಬ್ದ ಇನ್ನೊಂದು ಕಾಲಕ್ಕೆ ಸಂತೆಯಲ್ಲಿ ನಿಂತಿರುತ್ತದೆ. ಸಂತೆಯಲ್ಲಿದ್ದದ್ದು ದೇವರ ಮನೆ ಸೇರುವುದೂ ಇಲ್ಲದಿಲ್ಲ. ಭಾಷಾಶಾಸ್ತ್ರದ ಪಠ್ಯಪುಸ್ತಕಗಳು ಮೊದಲನೆಯದನ್ನು ಅರ್ಥಾಪಕರ್ಷವೆಂದೂ ಎರಡನೆಯದನ್ನು ಅರ್ಥೋತ್ಕರ್ಷವೆಂದೂ ಕರೆದು, ನಾಲ್ಕಾರು ಉದಾಹರಣೆ ಕೊಟ್ಟು ಮುಂದೆ ಸಾಗುತ್ತವೆ. ಕನ್ನಡ ಎಂ.ಎ. ತರಗತಿಗಳಿಗೆ ಅನೇಕ ವರ್ಷ ಈ ಭಾಗವನ್ನು ಪಾಠ ಹೇಳಿದ ನನಗೆ, ಆ ಉದಾಹರಣೆಗಳ ಪೈಕಿ ಒಂದರ ಬಳಿ ಮಾತ್ರ ಯಾವಾಗಲೂ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆನಿಸುತ್ತಿತ್ತು. ಅದು ಇಂಗ್ಲಿಷಿನ ಒಂದು ಗುಣವಾಚಕ: ‘ಸೀಲಿ’. ಆ ರೂಪದಲ್ಲಿ ಇಂದು ಅದನ್ನು ಬಳಸುವವರಿಲ್ಲ. ನಿಘಂಟುಗಳು ಅದನ್ನು ಲುಪ್ತಶಬ್ದಗಳ ಸಾಲಿಗೆ ಸೇರಿಸಿವೆ. ಆದರೆ ಅದರ ಸಂತಾನವನ್ನು ನಾವೆಲ್ಲರೂ ಬಲ್ಲೆವು. ಇಂಗ್ಲಿಷ್ ಬಾರದವರೂ ಆಡುವ ‘ಸಿಲ್ಲಿ’ ಎಂಬ ಮಾತೇ ಆ ಸಂತಾನ. ‘ಸಿಲ್ಲಿ’ ಎಂದರೆ ಪೆದ್ದುತನದ್ದು, ಹುಚ್ಚುಚ್ಚಾದದ್ದು. ತಂದೆಯಾದ ‘ಸೀಲಿ’ಯ ಮೊದಲ ಅರ್ಥವೋ ಧನ್ಯ, ಸುಖಿ, ದೈವಾನುಗ್ರಹ ಪಡೆದವನು. ಧನ್ಯನು ದಡ್ಡನಾದದ್ದು ಹೇಗೆ? ಈ ಹೊತ್ತಿನ ನನ್ನ ಮಾತಿನ ವಿಷಯ ಇದೇ.

ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಸ್ಯಾಲ್’ ಎಂಬ ನಾಮಪದವಿತ್ತು. ಅದಕ್ಕೆ ಕಾಲ, ತಕ್ಕ ಸಮಯ, ಋತು ಎಂದೂ, ಅಲ್ಲಿಂದ ಮುಂದೆ ಸುಖ, ಸೌಭಾಗ್ಯ ಎಂದೂ ಅರ್ಥ. ನಮಗೆ ಇದು ಅಪರಿಚಿತವಾದ ಭಾವನೆಯಲ್ಲ. ‘ಕಾಲ ಕೂಡಿಬಂತು’ ಎಂದಾಗ ನಾವು ಸೌಭಾಗ್ಯವನ್ನೇ ಹೇಳುತ್ತೇವೆ; ‘ಸುಗ್ಗಿ’ ಎಂಬುದು ಪೈರಿನ ಕಾಲವೂ ಹೌದು, ಸಮೃದ್ಧಿಯ ಸಂತೋಷವೂ ಹೌದು. ಕಾಲ ಕೂಡಿಬಂದವನೇ ಹಳೆಯ ಇಂಗ್ಲಿಷಿನ ‘ಯೆಸ್ಯಾಲಿಗ್’, ಅಂದರೆ ಭಾಗ್ಯವಂತ. ಕ್ರೈಸ್ತ ಬರಹಗಾರರ ಕೈಯಲ್ಲಿ ಈ ಭಾಗ್ಯ ಲೌಕಿಕವನ್ನು ದಾಟಿ ದೇವರ ಕೃಪೆಯಾಯಿತು. ಈ ಕುಲದ ಶಬ್ದಗಳು ಬೇರೆ ಕಡೆ ಇಂದಿಗೂ ಮಾನವಾಗಿ ಬಾಳಿವೆ. ಐಸ್‌ಲೆಂಡಿನ ಜನ ಎದುರಾದವರಿಗೆ ಹೇಳುವ ನಮಸ್ಕಾರದ ಮಾತು ಇದರ ಸೋದರ ಶಬ್ದವೇ. ಜರ್ಮನ್ ಭಾಷೆಯ ‘ಸೇಲಿಗ್’ ಧನ್ಯ ಎಂಬ ಅರ್ಥವನ್ನು ಉಳಿಸಿಕೊಂಡಿದೆ. ನಾವು ಗತಿಸಿದವರನ್ನು ‘ಕೈಲಾಸವಾಸಿ’ ಎನ್ನುವಂತೆ ಜರ್ಮನರು ಆ ಮಾತನ್ನು ಗತಿಸಿದವರ ಹೆಸರಿಗೂ ಸೇರಿಸಿದ್ದುಂಟು. ೧೮೯೪ರಲ್ಲಿ ಕನ್ನಡಕ್ಕೆ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲರ ತಾಯ್ನುಡಿಯಲ್ಲಿ ಸ್ವರ್ಗಕ್ಕೇರಿದ ಮಾತೇ, ಅವರು ಕನ್ನಡ ಪದಗಳಿಗೆ ಅರ್ಥ ಬರೆದ ಇಂಗ್ಲಿಷಿನಲ್ಲಿ ಪೆದ್ದನ ಬಿರುದಾಗಿತ್ತು.

ಈ ಇಳಿತ ಒಂದೇ ಜಿಗಿತದಲ್ಲಿ ಆದದ್ದಲ್ಲ. ಅದರ ಮೆಟ್ಟಿಲುಗಳನ್ನು ನೋಡಬೇಕಾದರೆ ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಸರ್ ಬರೆದ ‘ಕ್ಯಾಂಟರ್‌ಬರಿ ಕಥೆಗಳ’ ಬಳಿಗೆ ಹೋಗಬೇಕು. ಆಗ ಶಬ್ದದ ಉಚ್ಚಾರ ಸುಮಾರಾಗಿ ‘ಸೇಲಿ’ ಎಂದಿತ್ತು. ಸಂನ್ಯಾಸಿನಿಯೊಬ್ಬಳು ಹೇಳುವ ಕಥೆಯಲ್ಲಿ ಏಳು ವರ್ಷದ ಹುಡುಗನೊಬ್ಬ ಅರ್ಥ ತಿಳಿಯದ ದೇವರ ಹಾಡನ್ನು ಭಕ್ತಿಯಿಂದ ಬಾಯಿಪಾಠ ಮಾಡುತ್ತಾನೆ. ಅಂಥ ಮಗು ‘ಸೇಲಿ’: ನಿಷ್ಕಳಂಕ, ದೇವರಿಗೆ ಹತ್ತಿರ. ನರಿ ಹೊತ್ತೊಯ್ಯುವ ಹುಂಜದ ಕಥೆಯಲ್ಲಿ, ಆ ಹುಂಜವನ್ನು ಸಾಕಿದ ವಿಧವೆಯೂ ‘ಸೇಲಿ’. ಅವಳು ಬಡವಿ; ಇಬ್ಬರು ಹೆಣ್ಣುಮಕ್ಕಳೊಂದಿಗೆ ಹೇಗೋ ಸಂಸಾರ ತೂಗಿಸುತ್ತಿರುವವಳು. ಇಲ್ಲಿ ಶಬ್ದದೊಳಗೆ ‘ಅಯ್ಯೋ ಪಾಪ’ ಎಂಬ ನಿಟ್ಟುಸಿರು ಸೇರಿಕೊಂಡಿದೆ. ಇನ್ನು ಗಿರಣಿಯವನು ಹೇಳುವ ಕಥೆಯಲ್ಲಿ ಜಾನ್ ಎಂಬ ಮುದುಕ ಬಡಗಿಯೊಬ್ಬನಿದ್ದಾನೆ. ಅವನ ಮನೆಯಲ್ಲೇ ಇರುವ ವಿದ್ಯಾರ್ಥಿ, ಬಡಗಿಯ ಎಳೆಯ ಹೆಂಡತಿಯ ಮೇಲೆ ಕಣ್ಣಿಟ್ಟು, ನೋಹನ ಕಾಲದಂಥ ಜಲಪ್ರಳಯ ಮತ್ತೆ ಬರುತ್ತದೆಂದು ಹೆದರಿಸುತ್ತಾನೆ. ಬಡಗಿ ಅದನ್ನು ನಂಬಿ, ಸೂರಿಗೆ ತೊಟ್ಟಿಗಳನ್ನು ತೂಗುಹಾಕಿ ಅದರೊಳಗೆ ಮಲಗುತ್ತಾನೆ. ಅವನನ್ನೂ ಕವಿ ಮತ್ತೆ ಮತ್ತೆ ‘ಸೇಲಿ’ ಎಂದೇ ಕರೆಯುತ್ತಾನೆ. ಅಲ್ಲಿ ಕನಿಕರವೆಷ್ಟು, ನಗೆಯೆಷ್ಟು ಎಂದು ತೂಗಿ ಹೇಳುವುದು ಕಷ್ಟ. ಮಗು, ವಿಧವೆ, ಬಡಗಿ: ಒಬ್ಬನೇ ಕವಿಯ ಒಂದೇ ಕೃತಿಯಲ್ಲಿ ಶಬ್ದ ಪೂಜೆಯಿಂದ ಕನಿಕರಕ್ಕೂ ಕನಿಕರದಿಂದ ನಗೆಗೂ ಇಳಿದಿದೆ.

ಈ ಮೆಟ್ಟಿಲುಗಳಲ್ಲಿ ಒಂದು ತರ್ಕವಿದೆ. ದೇವರಿಗೆ ಹತ್ತಿರವಾದವನು ಯಾರಿಗೂ ಕೇಡೆಣಿಸಲಾರ. ಕೇಡೆಣಿಸದವನಿಗೆ ಕೇಡಿನಿಂದ ತಪ್ಪಿಸಿಕೊಳ್ಳುವ ಜಾಣ್ಮೆಯೂ ಕಡಿಮೆ. ಆದ್ದರಿಂದ ಅವನು ಪೆಟ್ಟು ತಿನ್ನುತ್ತಾನೆ. ಪೆಟ್ಟು ತಿಂದವನನ್ನು ಕಂಡು ನಮಗೆ ಕನಿಕರವಾಗುತ್ತದೆ. ಕನಿಕರ ಒಳ್ಳೆಯದೇ ಆದರೂ ಅದು ಮೇಲೆ ನಿಂತು ಕೆಳಗೆ ನೋಡುವ ನೋಟ. ಆ ನೋಟಕ್ಕೆ ಮೊದಲು ಅವನ ದೌರ್ಬಲ್ಯ ಕಾಣುತ್ತದೆ, ಆಮೇಲೆ ಅವನ ಬುದ್ಧಿಯೇ ದುರ್ಬಲವೆಂದು ತೋರುತ್ತದೆ. ಹೀಗೆ ಹಲವು ತಲೆಮಾರುಗಳಲ್ಲಿ ಧನ್ಯನು ದಡ್ಡನಾಗುತ್ತಾನೆ. ಸೋಜಿಗವೆಂದರೆ, ಇಷ್ಟು ಹೊತ್ತೂ ಅವನು ತನ್ನ ಸ್ಥಾನದಲ್ಲೇ ಇದ್ದಾನೆ. ಸರಿದದ್ದು ನೋಡುವವರ ಕಣ್ಣು.

ಇತ್ತ ಉಚ್ಚಾರವೂ ಬದಲಾಯಿತು. ‘ಸೇಲಿ’ ‘ಸೀಲಿ’ಯಾಗಿ, ದೀರ್ಘ ಹ್ರಸ್ವವಾಗಿ ‘ಸಿಲ್ಲಿ’ಯಾಯಿತು. ಷೇಕ್ಸ್‌ಪಿಯರನ ಕಾಲಕ್ಕೆ ಹಳೆಯ ಅರ್ಥ, ಹೊಸ ಅರ್ಥ ಎರಡೂ ಅಕ್ಕಪಕ್ಕದಲ್ಲಿದ್ದವು. ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ನಲ್ಲಿ ಹಿಪಾಲಿಟಾ ಕೈಕಸುಬಿನವರ ನಾಟಕವನ್ನು ನೋಡಿ ಆಡುವ ‘ಸಿಲ್ಲಿ’ ಇಂದಿನದೇ. ಆದರೆ ‘ಆರನೆಯ ಹೆನ್ರಿ’ ನಾಟಕದ ಮೂರನೆಯ ಭಾಗದಲ್ಲಿ, ೧೪೬೧ರ ಟೌಟನ್ ಯುದ್ಧ ನಡೆಯುತ್ತಿರುವಾಗ, ದೊರೆ ಒಂದು ಮಣ್ಣಗುಡ್ಡೆಯ ಮೇಲೆ ಒಬ್ಬನೇ ಕುಳಿತು ಕುರುಬನ ಬಾಳೇ ಲೇಸೆಂದು ಹಂಬಲಿಸುತ್ತ ಕುರಿಗಳನ್ನು ‘ಸಿಲ್ಲಿ’ ಎನ್ನುತ್ತಾನೆ. ಈ ಭಾಗವನ್ನು ಕನ್ನಡಿಸಲು ಕೊಟ್ಟಾಗ ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ‘ಮೂರ್ಖ ಕುರಿಗಳು’ ಎಂದು ಬರೆಯುತ್ತಿದ್ದರು. ನಿಘಂಟು ಅವರ ಪರವಾಗಿಯೇ ಇತ್ತು. ಆದರೆ ಸಾಮ್ರಾಜ್ಯ ಕಳೆದುಕೊಳ್ಳುತ್ತಿರುವ ದೊರೆ ಅಸೂಯೆಪಡುವ ಬಾಳಿನಲ್ಲಿ ಮೂರ್ಖತನಕ್ಕೆ ಎಡೆಯೆಲ್ಲಿ? ಒಬ್ಬ ಹುಡುಗಿ ಮಾತ್ರ ‘ಬಡಪಾಯಿ ಕುರಿಗಳು’ ಎಂದು ಬರೆದಿದ್ದಳು. ಕೇಳಿದರೆ, ‘ಸರ್, ದೊರೆ ತನ್ನನ್ನೇ ಅಲ್ಲವೇ ಹೇಳಿಕೊಳ್ಳುತ್ತಿರೋದು?’ ಎಂದಳು.

ಆ ಉತ್ತರದಲ್ಲಿ ಇತಿಹಾಸವೂ ಇದೆ. ಆರನೆಯ ಹೆನ್ರಿ ದೈವಭಕ್ತ; ಈಟನ್ ಶಾಲೆಯನ್ನೂ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜನ್ನೂ ಸ್ಥಾಪಿಸಿದವನು. ೧೪೫೩ರಲ್ಲಿ ಅವನಿಗೆ ಬುದ್ಧಿವಿಕಲ್ಪವಾಯಿತು. ರಾಜ್ಯ ಕೈತಪ್ಪಿ, ೧೪೭೧ರಲ್ಲಿ ಲಂಡನ್ನಿನ ಕೋಟೆಯಲ್ಲಿ ಸೆರೆಯಾಳಾಗಿ ಸತ್ತ. ಸತ್ತಮೇಲೆ ಸಾಮಾನ್ಯ ಜನ ಅವನನ್ನು ಸಂತನೆಂದು ನಂಬಿ ಸಮಾಧಿಗೆ ಯಾತ್ರೆ ಬಂದರು. ಪುಣ್ಯವಂತ, ನಿರಪರಾಧಿ, ಕನಿಕರಕ್ಕೆ ಪಾತ್ರ, ದುರ್ಬಲ, ಬುದ್ಧಿಗೆಟ್ಟವನು: ‘ಸೀಲಿ’ಯ ಅಷ್ಟೂ ಅರ್ಥಗಳು ಒಬ್ಬ ಮನುಷ್ಯನ ಜೀವನದಲ್ಲಿ ಸಾಲಾಗಿ ನಿಂತಿವೆ.

ಹದಿನೇಳನೆಯ ಶತಮಾನದಲ್ಲೂ ಹಳೆಯ ಅರ್ಥದ ಮಿಣುಕು ಪೂರ್ತಿ ಆರಿರಲಿಲ್ಲ. ಮಿಲ್ಟನ್ ೧೬೨೯ರಲ್ಲಿ ಕ್ರಿಸ್ತಜನನವನ್ನು ಕುರಿತು ಬರೆದ ಕವಿತೆಯಲ್ಲಿ ಕುರುಬರ ಆಲೋಚನೆಗಳಿಗೆ ಈ ವಿಶೇಷಣವನ್ನು ಹಚ್ಚಿದ್ದಾನೆ. ಅಲ್ಲಿ ಅದು ಸರಳ, ಹಳ್ಳಿಗಾಡಿನ ಎಂಬ ಅರ್ಥದ್ದು. ೧೭೯೮ರಲ್ಲಿ ಪ್ರಕಟವಾದ ಕೋಲ್‌ರಿಜ್ಜನ ಮುದಿ ನಾವಿಕನ ಕಥನಗೀತೆಯಲ್ಲಿ, ಬಾಯಾರಿ ಬೆಂಡಾದ ಹಡಗಿನ ಮೇಲೆ ಬಹುಕಾಲ ಬರಿದಾಗಿದ್ದ ಬಕೀಟುಗಳು ‘ಸಿಲ್ಲಿ’ ಎನಿಸಿಕೊಳ್ಳುತ್ತವೆ. ಕೆಲಸಕ್ಕೆ ಬಾರದವು ಎಂದರ್ಥವೋ, ಇನ್ನೇನು ಮಳೆಯಿಂದ ತುಂಬಲಿರುವ ಧನ್ಯಪಾತ್ರೆಗಳೆಂಬ ಹಳೆಯ ದನಿಯೂ ಇದೆಯೋ ಎಂದು ವ್ಯಾಖ್ಯಾನಕಾರರು ವಾದಿಸುತ್ತಾರೆ. ಇವೆಲ್ಲ ಪಂಡಿತರ ಮಾತಾಯಿತು. ರೇಡಿಯೋದಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆಯನ್ನು ಕೇಳಿದವರಿಗೆಲ್ಲ ‘ಸಿಲ್ಲಿ ಪಾಯಿಂಟ್’ ಗೊತ್ತು. ದಾಂಡಿಗನ ಮೂಗಿನ ಕೆಳಗೆ, ಅವಿವೇಕವೆನ್ನುವಷ್ಟು ಹತ್ತಿರದಲ್ಲಿ ನಿಂತವನ ಸ್ಥಾನವದು. ಯಾವ ಕ್ಷಣದಲ್ಲಿ ಪೆಟ್ಟು ಬೀಳುವುದೋ ತಿಳಿಯದೆ ಬಾಗಿ ನಿಂತ ಅವನನ್ನು ಕಂಡಾಗ, ಶಬ್ದದ ಹಳೆಯ ‘ಅಯ್ಯೋ ಪಾಪ’ ಅಲ್ಲಿ ಇನ್ನೂ ಉಸಿರಾಡುತ್ತಿದೆಯೇನೋ ಎನಿಸುತ್ತದೆ.

ಹಳೆಯ ರೂಪವೂ ಮನುಷ್ಯರ ಹೆಸರುಗಳಲ್ಲಿ ಉಳಿದುಕೊಂಡಿದೆ. ನಮ್ಮ ದೇಶದ ಇತಿಹಾಸದ ವಿದ್ಯಾರ್ಥಿಗಳು ಬಹುಕಾಲ ಓದಿದ ‘ದಿ ಎಕ್ಸ್‌ಪ್ಯಾನ್ಶನ್ ಆಫ್ ಇಂಗ್ಲೆಂಡ್’ ಎಂಬ ೧೮೮೩ರ ಗ್ರಂಥದ ಕರ್ತೃ ಜೆ. ಆರ್. ಸೀಲಿಯವರ ಮನೆತನದ ಹೆಸರಿನಂಥ ಹೆಸರುಗಳು ಈ ಗುಣವಾಚಕದಿಂದ ಬಂದವು. ಸಫೋಕ್ ಪ್ರಾಂತವನ್ನು ಉಳಿದವರು ‘ಸಿಲ್ಲಿ ಸಫೋಕ್’ ಎಂದು ಅಣಕಿಸಿದರೆ, ಅಲ್ಲಿನವರು ತಮ್ಮ ಊರೂರಿನ ಚರ್ಚುಗಳನ್ನು ತೋರಿಸಿ, ‘ಅದು ಪುಣ್ಯಭೂಮಿ ಎಂಬರ್ಥದ ಹಳೆಯ ಮಾತು’ ಎನ್ನುತ್ತಾರೆ. ಪಂಡಿತರೆಲ್ಲರೂ ಇದನ್ನು ಒಪ್ಪುವುದಿಲ್ಲ. ಆದರೆ ಊರಿನ ಮಾನ ಕಾಯಲು ಶಬ್ದವ್ಯುತ್ಪತ್ತಿ ನೆರವಿಗೆ ಬರುವುದಾದರೆ, ನಮ್ಮ ಶಾಸ್ತ್ರಕ್ಕೂ ಅಷ್ಟು ಉಪಯೋಗವಿದೆಯೆಂದು ನಾವು ಸಂತೋಷಪಡಬೇಕು.

ಇದು ಇಂಗ್ಲಿಷರೊಬ್ಬರ ದೋಷವೆಂದು ಭಾವಿಸಬೇಕಾಗಿಲ್ಲ. ಫ್ರೆಂಚಿನಲ್ಲಿ ಪೆದ್ದನನ್ನು ಕರೆಯುವ ‘ಬೆನೆ’ ಎಂಬ ಮಾತು ‘ಆಶೀರ್ವಾದ ಪಡೆದವನು’ ಎಂಬ ಲ್ಯಾಟಿನ್ ಶಬ್ದದಿಂದ ಹುಟ್ಟಿದ್ದು. ಗ್ರೀಕಿನಲ್ಲಿ ‘ಒಳ್ಳೆಯ ಶೀಲ’ ಎಂಬರ್ಥದ ಸಮಾಸವೇ ಮುಂದೆ ಪೆದ್ದುತನದ ಹೆಸರಾಯಿತು. ಕ್ರಿ.ಪೂ. ೪೨೭ರಲ್ಲಿ ಕಾರ್ಸೈರಾ ದ್ವೀಪದಲ್ಲಿ ನಡೆದ ಅಂತಃಕಲಹವನ್ನು ವರ್ಣಿಸುವ ಥೂಸಿಡಿಡೀಸ್, ಅಂಥ ಕಾಲದಲ್ಲಿ ಮಾತುಗಳು ತಮ್ಮ ಅರ್ಥವನ್ನೇ ಬದಲಿಸಿಕೊಂಡವೆಂದೂ, ಉದಾತ್ತತೆಯ ಬಹುಭಾಗವಾದ ಸರಳತೆ ಜನರ ನಗೆಗೆ ಈಡಾಗಿ ಕಣ್ಮರೆಯಾಯಿತೆಂದೂ ಬರೆದಿದ್ದಾನೆ. ಒಂದು ಶಬ್ದದ ಅವನತಿಯನ್ನು ಹಿಡಿದು ಒಂದು ಜನಾಂಗದ ಅವನತಿಯನ್ನು ಸಾರುವುದು ತರವಲ್ಲ. ‘ಸೀಲಿ’ ಬಿಟ್ಟುಹೋದ ಪೀಠದಲ್ಲಿ ಇಂಗ್ಲಿಷರು ಬೇರೆ ಶಬ್ದಗಳನ್ನು ಕೂರಿಸಿದರು. ಆದರೂ ಒಳ್ಳೆಯತನವನ್ನು ಹೇಳುವ ಮಾತುಗಳು ಇಷ್ಟು ಭಾಷೆಗಳಲ್ಲಿ ಒಂದೇ ಇಳಿಜಾರಿನಲ್ಲಿ ಜಾರಿರುವುದು ಯೋಚಿಸಬೇಕಾದ ಸಂಗತಿ.

ಹಾಗಾದರೆ ಕನ್ನಡದಲ್ಲಿ? ಇಲ್ಲಿ ಒಂದು ಸಂತೋಷದ ಕಥೆಯೂ ಇದೆ. ಸಂಸ್ಕೃತದ ‘ಮುಹ್’ ಧಾತುವಿಗೆ ದಿಕ್ಕುತಪ್ಪು, ಮಂಕಾಗು ಎಂದರ್ಥ. ಅದರಿಂದ ‘ಮೂಢ’, ‘ಮುಗ್ಧ’ ಎಂಬ ಎರಡು ರೂಪಗಳು ಹುಟ್ಟಿದವು. ಒಡಹುಟ್ಟಿದವುಗಳಾದರೂ ಅವುಗಳ ಹಣೆಬರಹ ಬೇರೆಯಾಯಿತು. ಮೂಢ ಮೂಢನಾಗಿಯೇ ಉಳಿದ. ಮುಗ್ಧನೋ ಪೆದ್ದುತನದಿಂದ ಹೊರಟು ಸರಳತೆಗೂ ಸರಳತೆಯಿಂದ ಸೊಗಸಿಗೂ ಏರಿದ. ನಮ್ಮ ಭಕ್ತಿಕಾವ್ಯಗಳು ಅವನನ್ನು ಇನ್ನೂ ಮೇಲಕ್ಕೆ ಏರಿಸಿದವು. ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣ’ದಲ್ಲಿ ಮುಗ್ಧಭಕ್ತರ ಕಥೆಗಳ ಸಾಲೇ ಇದೆ, ಅದನ್ನು ಭೀಮಕವಿ ೧೩೬೯ರಲ್ಲಿ ಕನ್ನಡಕ್ಕೆ ತಂದ. ಶಿವನು ವಿಷ ಕುಡಿದನೆಂಬ ಪುರಾಣವನ್ನು ಕೇಳಿದ ರುದ್ರಪಶುಪತಿ, ಅದು ಈಗಲೇ ನಡೆದದ್ದೆಂದು ನಂಬಿ, ಆ ವಿಷವನ್ನು ಉಗುಳೆಂದು ನೀರಿನಲ್ಲಿ ನಿಂತು ಹಟ ಹಿಡಿಯುತ್ತಾನೆ. ಹರಿಹರನ ರಗಳೆಯಲ್ಲಿ ಕೋಳೂರಿನ ಕೊಡಗೂಸು, ದೇವರು ಹಾಲು ಕುಡಿಯಲಿಲ್ಲವೆಂದು ಅತ್ತು ಕರೆದು ಕುಡಿಸಿಯೇ ಬಿಡುತ್ತಾಳೆ. ಇಂಗ್ಲೆಂಡಿನಲ್ಲಿ ಚಾಸರನ ಬಡಗಿ ನಂಬಿ ಕೆಟ್ಟ. ಹೆಚ್ಚು ಕಡಿಮೆ ಅದೇ ಕಾಲದ ಕನ್ನಡ ಪುರಾಣದಲ್ಲಿ ನಂಬಿದವರ ಬಳಿಗೆ ದೇವರೇ ಬಂದ. ನಂಬಿಕೆ ಎರಡೂ ಕಡೆ ಒಂದೇ ಬಗೆಯದು. ಒಂದು ಕಡೆ ಕೇಳುವವರು ನಕ್ಕರು, ಇನ್ನೊಂದು ಕಡೆ ಕೈಮುಗಿದರು.

ಆದರೆ ಈ ಸಂತೋಷದಲ್ಲಿ ಮೈಮರೆಯುವಂತಿಲ್ಲ. ‘ಅಮಾಯಕ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಮಾಯೆಯಿಲ್ಲದವನು, ಕಪಟವರಿಯದವನು ಎಂಬುದು ಅದರ ಅರ್ಥ. ಪತ್ರಿಕೆಗಳಲ್ಲಿ ಇಂದು ಆ ಮಾತು ಎಲ್ಲಿ ಕಾಣುತ್ತದೆ? ‘ಅಮಾಯಕರ ಬಲಿ’, ‘ಅಮಾಯಕರಿಗೆ ವಂಚನೆ’. ಮೋಸಹೋದವನ, ಸತ್ತವನ ಹೆಸರಿನ ಪಕ್ಕದಲ್ಲಲ್ಲದೆ ಬೇರೆಡೆ ಅದಕ್ಕೆ ಕೆಲಸವೇ ಕಡಿಮೆಯಾಗಿದೆ. ‘ಮುಗ್ಧ ಜನರಿಗೆ ಟೋಪಿ’ ಎಂಬ ತಲೆಬರಹದಲ್ಲಿ ಮುಗ್ಧನೂ ತಾನು ಏರಿಬಂದ ಮೆಟ್ಟಿಲುಗಳನ್ನು ಇಳಿಯತೊಡಗಿದ್ದಾನೆ. ಮನೆಗೆ ಗಂಡು ನೋಡುವಾಗ ‘ಹುಡುಗ ಪಾಪ, ಸಾಧು’ ಎಂದು ಯಾರಾದರೂ ಹೇಳಿದರೆ, ಕೇಳಿದವರು ‘ಹಾಗಾದರೆ ನಾಳೆ ಹೇಗೆ ಬಾಳಿಯಾನು?’ ಎಂದು ಚಿಂತಿಸುತ್ತಾರೆ. ‘ಸಾಧು’ ಎಂಬುದು ಸಜ್ಜನನಿಗಿದ್ದ ಹೆಸರು. ಅದನ್ನು ಕೇಳಿ ಹೆಣ್ಣುಹೆತ್ತವರು ಹೆದರುವಂತಾಗಿದ್ದರೆ, ಇಂಗ್ಲಿಷಿನ ‘ಸೀಲಿ’ ಇಳಿದ ಮೆಟ್ಟಿಲುಗಳು ನಮ್ಮ ಹಜಾರದಲ್ಲೂ ಇವೆಯೆಂದಾಯಿತು.

ನಿಘಂಟುಕಾರ ಈ ಇಳಿತವನ್ನು ತಡೆಯಲಾರ. ಅವನ ಕೆಲಸ ಆದದ್ದನ್ನು ಬರೆದಿಡುವುದು. ಅರ್ಥವನ್ನು ದಿನದಿನವೂ ಮಾಡುವವರು ಮಾತನಾಡುವ ನಾವು. ನಮ್ಮ ಮಕ್ಕಳ ಮಕ್ಕಳು ‘ಮುಗ್ಧ’ ಎಂಬ ಮಾತಿಗೆ ಕೋಶದಲ್ಲಿ ಅರ್ಥ ಹುಡುಕುವ ದಿನ, ಅಲ್ಲಿ ಕೋಳೂರಿನ ಕೊಡಗೂಸು ಇರುವಳೋ, ಮೂಢನ ತಮ್ಮನೊಬ್ಬನಷ್ಟೇ ಇರುವನೋ ಎಂಬುದು, ನಮ್ಮ ಬೀದಿಯ ಕಪಟವರಿಯದ ಮನುಷ್ಯನನ್ನು ನಾವು ಯಾವ ದನಿಯಲ್ಲಿ ಕರೆಯುತ್ತೇವೆಂಬುದನ್ನು ಅವಲಂಬಿಸಿದೆ.