ವ್ಯಾಯಾಮಾಚಾರ್ಯ ಕೆ. ವಿ. ಅಯ್ಯರ್



ಮುಳಬಾಗಿಲು ತಾಲ್ಲೂಕಿನವರು, ಬೈರಕೂರಿನ ಕಡೆಯವರಾಗಲಿ ಆವಣಿಯ ಕಡೆಯವರಾಗಲಿ, ತಮ್ಮ ಸೀಮೆಯ ಹಿರಿಯರನ್ನು ಎಣಿಸುವಾಗ ಮೊದಲು ಹೇಳುವುದು ಡಿ. ವಿ. ಗುಂಡಪ್ಪನವರ ಹೆಸರನ್ನು. ಅದು ಯುಕ್ತವೇ. ಅದೇ ತಾಲ್ಲೂಕಿನ ದೇವರಾಯಸಮುದ್ರದವರಾದ ವ್ಯಾಯಾಮಗುರು ಕೆ. ವಿ. ಅಯ್ಯರವರ ಹೆಸರು ಅಷ್ಟು ಬೇಗ ನಾಲಗೆಗೆ ಬರುವುದಿಲ್ಲ.

ಅಯ್ಯರವರ ತಾರುಣ್ಯದ ಕಾಲಕ್ಕೆ ನಮ್ಮಲ್ಲಿ ಅಂಗಸಾಧನೆ ಎಂದರೆ ಗರಡಿ. ಕೆಮ್ಮಣ್ಣಿನ ಅಂಕಣ, ಗೂಡಿನಲ್ಲಿ ಹನುಮಂತ, ದಂಡೆ, ಬಸ್ಕಿ, ಗದೆ, ಉಸ್ತಾದರ ಗದರಿಕೆ. ಅಲ್ಲಿಗೆ ಹೋಗುವವನು ಜಟ್ಟಿಯಾಗುವನೆಂದೂ, ಓದಿದವನಿಗೆ ಅದು ತಕ್ಕದ್ದಲ್ಲವೆಂದೂ ಪಟ್ಟಣದ ವಿದ್ಯಾವಂತರ ಎಣಿಕೆ. ಪರೀಕ್ಷೆಗಳನ್ನು ಗೆದ್ದು ಮೂವತ್ತಕ್ಕೇ ಬೆನ್ನು ಬಾಗಿದ ಗುಮಾಸ್ತರು ಆ ಎಣಿಕೆಯ ಫಲ. ಅಯ್ಯರವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ತೆರೆದು ಕರೆದುದು ಇಂಥವರನ್ನೇ. ಪಶ್ಚಿಮದ ಭಾರದ ಗುಂಡುಗಳನ್ನೂ ನಮ್ಮ ಆಸನಗಳನ್ನೂ ಅವರು ಒಂದೇ ಛಾವಣಿಯ ಕೆಳಗೆ ತಂದರು. ಯೋಗಾಚಾರ್ಯ ಸುಂದರಂ ಈ ಕಾರ್ಯದಲ್ಲಿ ಅವರ ಸಂಗಾತಿ. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’, 1937ರಲ್ಲಿ ‘ಸೂರ್ಯ ನಮಸ್ಕಾರ್’ ಎಂಬ ಇಂಗ್ಲಿಷ್ ಪುಸ್ತಕಗಳು ಹೊರಬಂದವು. ದೂರದವರಿಗೆ ಅಂಚೆಯ ಮೂಲಕ ಪಾಠ! ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹವೂ ದೊರೆಯಿತು. ತಮ್ಮ ದೇಹದ ಚೆಲುವನ್ನು ತಾವೇ ಹೊಗಳಿಕೊಳ್ಳಲು ಅಯ್ಯರವರಿಗೆ ಸಂಕೋಚವಿರಲಿಲ್ಲ. ಅದನ್ನು ಓದಿ ನಗು ಬಂದರೆ ನಗಬಹುದು. ಆದರೆ ಮೈಯನ್ನು ನಾಚಿಕೆಯ ವಸ್ತುವೆಂದು ಮುಚ್ಚಿಟ್ಟ ಜನಕ್ಕೆ ಅಷ್ಟು ಗಟ್ಟಿಯಾದ ದನಿಯೇ ಬೇಕಾಗಿತ್ತೋ ಏನೋ.

ಇಲ್ಲಿ ಒಂದು ಆಕ್ಷೇಪವುಂಟು. ಗರಡಿಯು ಕಲಿಸುತ್ತಿದ್ದುದು ಎದುರಾಳಿಯನ್ನು ಎದುರಿಸುವ ವಿದ್ಯೆ. ಪಟ್ಟು, ಮರುಪಟ್ಟು, ಬಿದ್ದು ಏಳುವ ಧೈರ್ಯ. ವ್ಯಾಯಾಮಶಾಲೆಯಲ್ಲಿ ಎದುರಾಳಿ ಕನ್ನಡಿಯೊಳಗಿನ ತಾನೇ. ಮಲ್ಲವಿದ್ಯೆಯ ಒಂದು ಅಂಶ ಈ ಪಲ್ಲಟದಲ್ಲಿ ನಷ್ಟವಾಯಿತೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೂ ಗರಡಿಯ ಬಾಗಿಲನ್ನು ಎಂದೂ ತುಳಿಯದವನ ಮೈಗೆ ಅಯ್ಯರವರು ಬಲವನ್ನಿತ್ತರು. ಆ ಲೆಕ್ಕದಲ್ಲಿ ಗಳಿಕೆಯೇ ಹೆಚ್ಚೆಂದು ನನ್ನ ಮತ.

ಅವರ ಶಿಷ್ಯವೃತ್ತಿ ಸಾಹಿತ್ಯವನ್ನೂ ಮುಟ್ಟಿತು ಎನ್ನಬೇಕು, ನಾಟಕಕಾರ ಟಿ. ಪಿ. ಕೈಲಾಸಂ ಅವರ ಪರಮಮಿತ್ರರು. ಮಿತ್ರನು 1946ರಲ್ಲಿ ತೀರಿಹೋದನು. 1950ರಲ್ಲಿ ಅಯ್ಯರವರ ‘ರೂಪದರ್ಶಿ’ ಪ್ರಕಟವಾಯಿತು. ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾದ ಮಗುವೇ ಬೆಳೆದು ಕೆಟ್ಟು, ಯೂದನ ಚಿತ್ರಕ್ಕೂ ಮಾದರಿಯಾಗುವ ಕಥೆ ಅದು. ಜನರ ಮೈಯನ್ನು ತಿದ್ದುವುದನ್ನೇ ಕಸುಬಾಗಿಸಿಕೊಂಡವರು, ಯಾವ ಕಸರತ್ತೂ ಕಾಯಲಾರದ ಮುಖವೊಂದನ್ನು ಕುರಿತು ಬರೆದರು. ಅಯ್ಯರವರು 1980ರಲ್ಲಿ ಕಾಲವಾದರು. ‘ಶಾಂತಲಾ’ ಎಂಬ ಅವರ ಇನ್ನೊಂದು ಕಾದಂಬರಿಯ ಮಾತಿಗೆ ಬೇರೆಯೇ ಒಂದು ಸಂಜೆ ಬೇಕು.