ಟ್ರ್ಯಾಕ್ಟರಿಗೂ ಲೈಸನ್ಸ್ ಬೇಕು



ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಗೊಬ್ಬರದ ಟ್ರ್ಯಾಕ್ಟರನ್ನು ಈ ಶಾಲೆಯ ಮುಂದಿನ ರಸ್ತೆಯಲ್ಲೇ ಓಡಿಸಿದ್ದೆ. ಅಪ್ಪನಿಗೆ ಹೆಮ್ಮೆ, ನನಗೆ ಇನ್ನೂ ಹೆಚ್ಚು. ಕಾನೂನು ತಿಳಿದದ್ದು ಬಿಇ ಮುಗಿಸಿ ಕಾರು ಕಲಿಯುವಾಗ.

ಚಕ್ರ ಹೊಲ ಬಿಟ್ಟು ಟಾರು ರಸ್ತೆಗೆ ಬಂತೆಂದರೆ 1988ರ ಮೋಟಾರು ವಾಹನ ಕಾಯ್ದೆ ಅನ್ವಯಿಸುತ್ತದೆ. ಓಡಿಸುವವನಿಗೆ 18 ತುಂಬಿರಬೇಕು, ಲೈಸನ್ಸ್ ಇರಬೇಕು. 2019ರ ತಿದ್ದುಪಡಿಯ ಪ್ರಕಾರ ಹುಡುಗ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹುಡುಗನಿಗೆ 25 ತುಂಬುವವರೆಗೆ ಲೈಸನ್ಸ್ ಸಿಗದು.

ನನಗೆ ಇದಕ್ಕಿಂತ ಭಯ ವಿಮೆಯದು. ಲೈಸನ್ಸ್ ಇಲ್ಲದವನು ಓಡಿಸಿ ಯಾರಿಗಾದರೂ ಪೆಟ್ಟಾದರೆ, ಕಂಪನಿ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕನಿಂದ ವಸೂಲು ಮಾಡಬಹುದು. ನಮ್ಮಲ್ಲಿ ವಸೂಲಿಗೆ ಇರುವುದು ಹೊಲ ಒಂದೇ ತಾನೆ?

ಟ್ರೇಲರ್ ಕಟ್ಟಿದರೆ ಲೈಸನ್ಸ್ ನಡೆಯುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಟ್ರೇಲರ್ ಕಟ್ಟಿದ ಮಾತ್ರಕ್ಕೆ ಟ್ರ್ಯಾಕ್ಟರಿನ ಲೈಸನ್ಸ್ ಕೆಲಸಕ್ಕೆ ಬಾರದೆ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ತೀರ್ಪು ಕೊಟ್ಟಿದೆ. ಆದರೆ ಮೊದಲು ಲೈಸನ್ಸ್ ಇರಬೇಕಲ್ಲ!

18 ತುಂಬಿದವರು ಆಧಾರ್ ಹಿಡಿದು ಬನ್ನಿ, ಎಲ್‌ಎಲ್‌ಆರ್ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿಕೊಡುತ್ತೇನೆ. ನಾಳೆ ಸಂಜೆಯವರೆಗೂ ಊರಲ್ಲೇ ಇರುತ್ತೇನೆ.